ಯಾರು ಬೇಕಾದರೂ ತಿದ್ದಬಹುದು

ಬಸ್ ಟಿಕೆಟ್ ಮಾರುವ ಆ ಕಂಪನಿಯಲ್ಲಿ ವೆಬ್‌ಸೈಟ್ ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಬಟನ್ನಪ್ಪ. ಬಟನ್ ದೊಡ್ಡದು ಮಾಡು, ಬಣ್ಣ ಬದಲಾಯಿಸು ಎಂದು ಆಫೀಸಿಗೆ ಆಫೀಸೇ ಅವನ ಪ್ರಾಣ ತಿನ್ನುತ್ತಿತ್ತು. ಮದುವೆಯಾದ ಮೇಲೆ ಬಡಪಾಯಿಗೆ ಒಂದು ರಜೆಯೂ ಸಿಕ್ಕಿರಲಿಲ್ಲ. ಸಮುದ್ರ ನೋಡಬೇಕೆಂದು ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ಕೂತಿದ್ದಳು.

"ಇವತ್ತೊಂದು ದಿನ ನೀನು ಕೈ ಹಾಕದೆ ಕೆಲಸ ನಡೀಲಿ. ನಡೆದ್ರೆ ನಾಳೆಯಿಂದ ರಜೆ ತಗೋ," ಎಂದರು ಸಾಹೇಬರು.

ಬಟನ್ನಪ್ಪ ಪುಟದ ಬಟನ್ನು, ಪೆಟ್ಟಿಗೆ, ತಲೆಬರಹಗಳನ್ನೆಲ್ಲ ಕೋಡಿನಿಂದ ಕಿತ್ತು ಕಾನ್ಫಿಗ್ ಫೈಲ್ ಎಂಬ ಒಂದು ಪಟ್ಟಿಯಲ್ಲಿ ಇಟ್ಟ. ಯಾವುದಕ್ಕೆ ಏನು ಬಣ್ಣ, ಯಾವುದು ಯಾವುದರ ಒಳಗೆ, ಕಾಣಬೇಕೋ ಬೇಡವೋ, ಎಲ್ಲ ಸಾದಾ ಮಾತಿನಲ್ಲಿ. "ಯಾರು ಬೇಕಾದರೂ ತಿದ್ದಬಹುದು!" ಎಂದು ಸಾರಿದ. ಅಯ್ಯೋ, ಆ ಮಾತು ಬಾಯಿಂದ ಬರಬಾರದಿತ್ತು.

ಮೊದಲು ಬಂದವರು ಲೆಕ್ಕಪತ್ರದ ಮೇಡಂ. ಪೆಟ್ಟಿಗೆಯೊಳಗೆ ಇರಬೇಕಾದ ಬಟನ್ನನ್ನು ಫೈಲಿನಲ್ಲೂ ಸ್ವಲ್ಪ ಒಳಗೆ ಸರಿಸಿ ಬರೆಯಬೇಕು ಎಂಬುದು ಅವರಿಗೇನು ಗೊತ್ತು?

"ಏನ್ರೀ ಇದು, ಸಾಲೆಲ್ಲ ಅಡ್ಡಾದಿಡ್ಡಿ!" ಎಂದು ಎಲ್ಲವನ್ನೂ ಎಡಕ್ಕೆಳೆದು ನೆಟ್ಟಗೆ ನಿಲ್ಲಿಸಿದರು. ಬಟನ್‌ಗಳೆಲ್ಲ ಮನೆಬಿಟ್ಟು ಬೀದಿಗೆ ಬಿದ್ದವು. ಬಟನ್ನಪ್ಪ ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿ, ಮೊಬೈಲಿನಲ್ಲೇ ಗುಟ್ಟಾಗಿ ಸರಿಮಾಡಿ ಬಂದ.

ಜಾಹೀರಾತಿನವನು ಬಟನ್ನಿಗೆ ಕೆಂಪು ಬಳಿದ. ಸಾಲದೆಂದು ಅದರ ಮೇಲಿನ ಅಕ್ಷರಕ್ಕೂ ಅದೇ ಕೆಂಪು; ಅಕ್ಷರವೇ ಮಾಯ. ಅದನ್ನೂ ಬಟನ್ನಪ್ಪ ಮೇಜಿನಡಿ ಪೆನ್ನು ಹುಡುಕುವವನಂತೆ ಬಗ್ಗಿಕೊಂಡೇ ಅಳಿಸಿದ.

ಕೊನೆಗೆ ಸಾಹೇಬರೇ ಕೈಹಾಕಿದರು. ರಿಯಾಯಿತಿ ಪಟ್ಟಿ ಕಾಣಿಸಬೇಕೇ ಎಂಬುದರ ಎದುರು ಹೌದು ಅಥವಾ ಇಲ್ಲ ಎಂದು ಬರೆಯಬೇಕಿತ್ತು. ಹುಟ್ಟಿದಾರಭ್ಯ ಅವರು ಆ ಎರಡರಲ್ಲಿ ಒಂದನ್ನೂ ಹೇಳಿದವರಲ್ಲ. "ನೋಡೋಣ" ಎಂದು ಬರೆದರು. ಇಡೀ ವೆಬ್‌ಸೈಟು ಬಾಯಿಬಡಿದುಕೊಂಡು ಬಿತ್ತು. ಬಟನ್ನಪ್ಪ ಬೆವರು ಒರೆಸಿಕೊಳ್ಳುತ್ತ ಮತ್ತೆ ಎಬ್ಬಿಸಿದ.

ಸಂಜೆ ಸಾಹೇಬರು ಬೆನ್ನು ತಟ್ಟಿದರು. "ಭೇಷ್! ನೀನಿಲ್ದೆ ಎಷ್ಟು ಚೆನ್ನಾಗಿ ನಡೀತು! ರಜೆ ತಗೋ. ವಾಪಸ್ ಬರೋದೇನೂ ಬೇಡ. ಎಲ್ಲರೂ ತಿದ್ದಬಹುದಾದ್ರೆ ನಿನಗ್ಯಾಕಪ್ಪಾ ಸಂಬಳ?"

ಬಟನ್ನಪ್ಪನಿಗೆ ಜೀವ ಬಾಯಿಗೆ ಬಂತು. "ಅಯ್ಯಯ್ಯೋ ಸಾರ್, ಎಲ್ಲ ಕೆಡಿಸಿದ್ರು! ಕದ್ದುಮುಚ್ಚಿ ಸರಿಮಾಡಿದ್ದು ನಾನೇ! ನಾನಿಲ್ದಿದ್ರೆ ಒಂದು ಟಿಕೆಟ್ಟೂ ಹೋಗ್ತಿರ್ಲಿಲ್ಲ!"

"ಹಾಗಾ?" ಸಾಹೇಬರು ಗಲ್ಲ ಕೆರೆದುಕೊಂಡರು. "ಹಾಗಿದ್ರೆ ನಿನ್ನನ್ನ ಒಂದು ದಿನಾನೂ ಬಿಡೋ ಹಾಗಿಲ್ಲ. ರಜೆ ಕ್ಯಾನ್ಸಲ್."

ಹೆಂಡತಿಗೆ ಹೇಗೆ ಹೇಳುವುದಪ್ಪಾ ಎಂದುಕೊಳ್ಳುತ್ತಲೇ ಫೋನ್ ಮಾಡಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ನೀವು ಬರಲ್ಲ ಅಂತ ನಂಗೊತ್ತಿತ್ತು. ಅಮ್ಮನ್ನ ಕರ್ಕೊಂಡು ಆಗ್ಲೇ ಬಸ್ ಹತ್ತಿದೀನಿ. ನೀವಿಲ್ದೆ ಹೇಗಪ್ಪಾ ಅಂದ್ಕೊಂಡಿದ್ದೆ... ಆರಾಮಾಗೇ ಇದೆ ಕಣ್ರೀ!"