ನಮ್ಮಪ್ಪನ ಸೈಕಲ್ಲಿನ ನಂಬರು

ಜಂಬ ಕೊಚ್ಚುವುದನ್ನು ಯಾವ ವಯಸ್ಸಿಗೆ ನಿಲ್ಲಿಸಬೇಕು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ಮಾಲೂರಿನ ನಮ್ಮ ಮನೆಗೆ ಬಂದವರನ್ನೆಲ್ಲ ವರಾಂಡಕ್ಕೆ ಕರೆದೊಯ್ದು, "ನಮ್ಮಪ್ಪನ ಸೈಕಲ್ಲು, ಪಕ್ಕಾ ಇಂಗ್ಲೆಂಡಿನದು" ಎಂದು ತೋರಿಸುವುದು ನನ್ನ ಹಳೇ ಚಾಳಿ. ಪುರಾವೆ? ಕಡ್ಡಿ ಬ್ರೇಕು, ಚೈನನ್ನು ಪೂರ್ತಿ ಮುಚ್ಚಿದ ತಗಡು, ಮತ್ತು ಸೀಟಿನ ಕೆಳಗಿನ ಕೊಳವೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆದ 47/2 ಎಂಬ ನಂಬರು. ಕಂಪನಿಯ ಬಿಲ್ಲೆ ಯಾವ ಕಾಲದಲ್ಲೋ ಉದುರಿಹೋಗಿದ್ದರಿಂದ ಅಲ್ಲವೆನ್ನುವವರೂ ಇರಲಿಲ್ಲ.

ನನ್ನ ಗ್ರಹಚಾರಕ್ಕೆ, ನರಸಾಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ನನ್ನ ಬಾಮೈದ ಮಂಜುನಾಥ ಇದನ್ನು ನಂಬಿಬಿಟ್ಟ. ನಂಬರನ್ನು ಬರೆದು, ಫೋಟೋ ಸಮೇತ, ಹಳೆಯ ಸೈಕಲ್ಲುಗಳ ಜಾತಕ ಹುಡುಕುವ ಇಂಗ್ಲೆಂಡಿನ ಹಿರಿಯರೊಬ್ಬರಿಗೆ ಕಳಿಸಿದ. ಇಂಥ ನಂಬರು ತಾವು ಕಂಡೇ ಇಲ್ಲ, ಬಹುಶಃ ಮೊಟ್ಟಮೊದಲು ತಯಾರಾದವುಗಳಲ್ಲಿ ಒಂದಿರಬೇಕು ಎಂದು ಅವರು ಉತ್ತರಿಸಿದರು. ಜೊತೆಗೆ ಮೂಲದಲ್ಲಿ ಏನೇನಿತ್ತೆಂಬ ಪಟ್ಟಿ: ಇಪ್ಪತ್ತೆಂಟು ಇಂಚಿನ ಚಕ್ರ, ಚಿನ್ನದ ಗೆರೆಯ ಕಪ್ಪು ಬಣ್ಣ, ಚರ್ಮದ ಸೀಟು. ಮಂಜುನಾಥ ಪಟ್ಟಿ ಹಿಡಿದು ಸೈಕಲ್ಲಿಗೆ ಪ್ರದಕ್ಷಿಣೆ ಹಾಕಿದ. "ಭಾವ, ಪಟ್ಟೀಲಿ ಇಲ್ದಿರೋದೆಲ್ಲ ಭಾನುವಾರ ಬಿಚ್ಚಿಹಾಕ್ತೀನಿ. ಕ್ಯಾರಿಯರ್ರು, ಬಾರ್ ಮೇಲಿನ ಮಕ್ಕಳ ಸೀಟು, ಎಲ್ಲಾ ಗುಜರಿಗೆ. ಅಲ್ಲೀವರ್ಗೂ ನೀವು ಮುಟ್ಬೇಡಿ!"

ಆ ಮಕ್ಕಳ ಸೀಟು ಅಪ್ಪ ನನಗಾಗಿ ಹಾಕಿಸಿದ್ದು. ನಮ್ಮೂರು ಗೌನಿಪಲ್ಲಿಯಿಂದ ಶ್ರೀನಿವಾಸಪುರದ ತನಕ ಅದರ ಮೇಲೆ ಕೂತು ನಿದ್ದೆ ಹೊಡೆಯುತ್ತಿದ್ದೆ. ಬೀಳದಂತೆ ಅಪ್ಪ ಗದ್ದದಿಂದ ನನ್ನ ತಲೆಯನ್ನು ಒತ್ತಿ ಹಿಡಿಯುತ್ತಿದ್ದರು. ಅದು ಹೋದ ಮೇಲೆ ಇಂಗ್ಲೆಂಡ್ ಕಟ್ಟಿಕೊಂಡು ನನಗೇನಾಗಬೇಕು? ಆದರೆ ಇಷ್ಟು ವರ್ಷ ಕೊಚ್ಚಿದ ಬಾಯಿಂದ "ಬೇಡಪ್ಪ" ಅನ್ನುವುದು ಹೇಗೆ?

ಶನಿವಾರ ಬೆಳಿಗ್ಗೆ ಬಚ್ಚಲಿನಿಂದ ಹೆಂಡತಿ ಕೂಗಿದಳು. "ರೀ, ಬನ್ನಿ ಇಲ್ಲಿ! ನಿಮ್ಮ ಇಂಗ್ಲೆಂಡ್ ನಂಬರು ಹಂಡೆ ಮೇಲೂ ಇದೆಯಲ್ರೀ!" ಆಗಷ್ಟೇ ಹುಣಸೇಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಯ ಕಂಠದಲ್ಲಿ ಅದೇ ಚುಕ್ಕಿಗಳ 47/2 ಫಳಫಳ ಹೊಳೆಯುತ್ತಿತ್ತು. ಸಂಬಳದವನೆಂದು ಪಾಲಿನಲ್ಲಿ ನನಗೆ ಬಂದದ್ದು ಈ ಹಂಡೆ ಮತ್ತು ಸೈಕಲ್ಲು, ತೋಟ ಅಣ್ಣನಿಗೆ. ಗೌನಿಪಲ್ಲಿಗೆ, ಅಣ್ಣನಿಗೆ ಫೋನು ಮಾಡಿದೆ.

"ಓರಿ ನಾಯನಾ! ಅದು ನಮ್ಮ ಮಾವಿನ ತೋಟದ ಸರ್ವೆ ನಂಬರು ಕಣೋ," ಎಂದು ಅಣ್ಣ ನಗತೊಡಗಿದ. "ಊರಲ್ಲಿ ಅಪ್ಪನ ಹೆಸರಿನೋರೇ ಐದು ಜನ ಮುನಿಶಾಮಪ್ಪ ಇದ್ರಲ್ಲ. ಮದುವೆಗೆ ಎರವಲು ಕೊಟ್ಟ ಪಾತ್ರೆ ಇನ್ಯಾವ್ದೋ ಮುನಿಶಾಮಪ್ಪನ ಮನೆ ಸೇರ್ತಿತ್ತು. ಅದಕ್ಕೆ ಅಪ್ಪ ಮುಳಬಾಗಿಲಿನ ಪಾತ್ರೆ ಅಂಗಡೀಲಿ ಹೆಸರಿನ ಬದ್ಲು ಸರ್ವೆ ನಂಬರ್ ಹೊಡೆಸಿಬಿಟ್ರು. ಸೈಕಲ್ನೂ ಊರೋರು ಕೇಳ್ಕೊಂಡು ಹೋಗ್ತಿದ್ರಲ್ಲ, ಅದಕ್ಕೂ ಹೊಡೆಸಿದ್ರು."

ಅಬ್ಬಾ, ಹೋದ ಜೀವ ಬಂದಂತಾಯಿತು! ಭಾನುವಾರ ಬಂದ ಮಂಜುನಾಥ ವಿಷಯ ಕೇಳಿ ಸ್ಪ್ಯಾನರುಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು, "ಥೂ, ಹೋಗಿ ಭಾವ, ಮಾವಿನ ತೋಟಾನ ಇಂಗ್ಲೆಂಡಿಗೆ ಕಳಿಸಿದ್ರಲ್ಲ" ಎಂದು ಹೊರಟ. ಆ ಸಂಜೆಯೇ ಸೈಕಲ್ಲೇರಿ ಲಕ್ಕೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಅದು ಯಾವ ದೇಶದ್ದೋ ದೇವರಿಗೇ ಗೊತ್ತು. ಮಕ್ಕಳ ಸೀಟಂತೂ ಅದರ ಜಾಗದಲ್ಲೇ ಇದೆ.

ಒಂದೇ ಕೆಲಸ ಬಾಕಿ. ಇಂಗ್ಲೆಂಡಿನ ಹಿರಿಯರು ನಮ್ಮ ಸೈಕಲ್ಲನ್ನು ತಮ್ಮ ದಾಖಲೆಯ ಮೊದಲ ಸಾಲಿನಲ್ಲಿ ಬರೆದುಕೊಂಡು, 47/1 ಈಗ ಯಾರ ಬಳಿ ಇದೆ, ದಯವಿಟ್ಟು ವಿಚಾರಿಸಿ ತಿಳಿಸಿ ಎಂದು ಕೇಳಿದ್ದಾರೆ. ಅದು ನಮ್ಮ ಚಿಕ್ಕಪ್ಪನ ತೋಟ. ಒಂದು ವಾರದಿಂದ ಉತ್ತರ ಬರೆಯಲು ಕೂತಿದ್ದೇನೆ. "ಮಾನ್ಯರೇ" ಎಂಬಲ್ಲಿಗೆ ನಿಂತಿದೆ.