ಊಟಕ್ಕೆ ಮುಂಚಿನ ನೀತಿ

ಆ ಭಾನುವಾರ ವೈದ್ಯರ ಸಂಘದವರು ಮಧ್ಯಾಹ್ನದ ಊಟಕ್ಕೆ ಹೋಳಿಗೆ ಮಾಡಿಸದೇ ಇದ್ದಿದ್ದರೆ ಕೊಟ್ರಪ್ಪನ ಖಾನಾವಳಿಗೆ ಆ ಗತಿ ಬರುತ್ತಿರಲಿಲ್ಲ.

ಬಿಟಿಎಂ ಲೇಔಟಿನ ಡಾಕ್ಟರ್ ಸೇತುರಾಮ ಅವರ ಪ್ರಕಾರ ನೀತಿಯೆಂದರೆ ಸಿಡುಬಿನ ಚುಚ್ಚುಮದ್ದು. ಇಪ್ಪತ್ತಮೂರನೇ ವಯಸ್ಸಿಗೆ ಡಿಗ್ರಿಯ ಜೊತೆ ಒಮ್ಮೆ ಚುಚ್ಚಿಸಿಕೊಂಡರೆ ಸಾಯುವ ತನಕ ಸಾಕು. ಆದರೂ ಸರ್ಟಿಫಿಕೇಟಿನ ಆಸೆಗೆ ಸಂಘದವರು ಜಯನಗರದಲ್ಲಿ ಇಟ್ಟುಕೊಂಡಿದ್ದ ವೈದ್ಯನೀತಿ ತರಬೇತಿಗೆ ಹೋದರು. 'ರೋಗಿಯ ಗುಟ್ಟು ಯಾರಿಗೂ ಬಿಟ್ಟುಕೊಡಬಾರದು' ಎಂಬ ಬೆಳಗಿನ ಪಾಠ ಕೇಳಿದರು, ಐದು ಹೋಳಿಗೆ ಇಳಿಸಿದರು, ಮಧ್ಯಾಹ್ನದ ಪಾಠವನ್ನು ಮನೆಯ ಮಂಚದ ಮೇಲೆ ಮುಗಿಸಿದರು.

ಸೋಮವಾರ ಬೆಳಿಗ್ಗೆ ಹೊಟ್ಟೆನೋವಿನ ಕೊಟ್ರಪ್ಪ ಲ್ಯಾಬಿನ ಲಕೋಟೆ ಹಿಡಿದು ಬಂದ. ಡಾಕ್ಟರ ಮೇಜಿನ ಸುತ್ತ ಮುಂದಿನ ನಾಲ್ವರು ರೋಗಿಗಳು ಎಂದಿನಂತೆ ಕಿವಿ ತೆರೆದು ಕೂತಿದ್ದರು. ಕಾರಿನವರ ಕಾಯಿಲೆಗೆ ಡಾಕ್ಟರೇ ಮನೆಗೆ ಹೋಗುತ್ತಿದ್ದರು. ನಡೆದು ಬರುವವರ ಕಾಯಿಲೆ ಸಾರ್ವಜನಿಕ ಆಸ್ತಿ. ಆದರೆ ಅಂದು ಡಾಕ್ಟರು ನಾಲ್ವರನ್ನೂ ಹೊರಗಟ್ಟಿ ಬಾಗಿಲು ಹಾಕಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮುಚ್ಚಿಸಿಕೊಂಡ ಆ ಬಾಗಿಲು ಹೆರಿಗೆ ನೋವು ಬಂದವರಂತೆ ಕಿರುಚಿತು.

ಡಾಕ್ಟರು ಲಕೋಟೆ ಬಿಚ್ಚಿ ಓದಿದರು. "ಹೂಂ" ಎಂದರು. ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

"ಏನಾಗೇತ್ರೀ ಡಾಕ್ಟ್ರ?"

"ಹೇಳೋ ಹಾಗಿಲ್ಲ ಕೊಟ್ರಪ್ಪ. ಅದು ರೋಗಿ ಗುಟ್ಟು."

"ಆ ರೋಗಿ ನಾನ ಅಲ್ರೀ!"

"ಯಾರಿಗೂ ಅಂದ್ರೆ ಯಾರಿಗೂ. ಇವತ್ತು ನಿಮಗೆ ಹೇಳಿದ್ರೆ, ನಾಳೆ ಎಲ್ರೂ ಅವರವರ ಕಾಯಿಲೆ ಕೇಳಕ್ಕೆ ಶುರು ಮಾಡ್ತಾರೆ." ಹೆಸರಿಲ್ಲದ ಬಿಳಿ ಮಾತ್ರೆಯೊಂದನ್ನು ಪೊಟ್ಟಣ ಕಟ್ಟಿ ಕೊಟ್ಟು, "ಊಟ ಆದ್ಮೇಲೆ ನುಂಗಿ" ಎಂದರು.

ಹೊರಗೆ ಖಾನಾವಳಿಯ ಪಕ್ಕದ ಮನೆಯ ಗೌರಮ್ಮ ಕಾದಿದ್ದರು. "ಏನಂತೆ ಕೊಟ್ರಪ್ಪ?"

"ಹೇಳವಲ್ರು ಅಕ್ಕಾ."

ಗೌರಮ್ಮ ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ ಶಿವನೇ! ನಮ್ಮ ಭಾವನಿಗೂ ಹಿಂಗೇ ಹೇಳ್ಲಿಲ್ಲ. ಏನಾಗಿತ್ತು ಅಂತ ತಿಥಿ ದಿನ ಗೊತ್ತಾಯ್ತು."

ಬೀದಿಯ ಬಾಯಲ್ಲಿ ಕೊಟ್ರಪ್ಪನ ಕಾಯಿಲೆ ಹತ್ತು ಗಂಟೆಗೆ ಅಲ್ಸರ್ ಆಯಿತು, ಹನ್ನೊಂದಕ್ಕೆ ಕಿಡ್ನಿ, ಹನ್ನೆರಡಕ್ಕೆ ಟೀಬಿ. ದಿನವೂ ನಲವತ್ತು ಜನ ಉಣ್ಣುತ್ತಿದ್ದ ಖಾನಾವಳಿಯಲ್ಲಿ ಮಧ್ಯಾಹ್ನ ಉಣ್ಣಲು ಬಂದದ್ದು ನೊಣ ಮಾತ್ರ.

"ಇನ್ನೂರು ರೊಟ್ಟಿ ಬಡದೇನಿ, ಯಾರಿಗೆ ಹಾಕ್ಲಿ? ಆ ಡಾಕ್ಟರಗ ಏನು?" ಎಂದು ಹೆಂಡತಿ ಶಿವವ್ವ ಹರಿಹಾಯ್ದಳು.

ಮೂರು ವರ್ಷದಿಂದ ಅಲ್ಲೇ ಉಣ್ಣುತ್ತಿದ್ದ ಗುರುಸಿದ್ದ ಬಾಗಿಲಾಚೆಯೇ ನಿಂತ. "ತಪ್ಪು ತಿಳೀಬ್ಯಾಡ್ರಿ ಅಣ್ಣಾ. ಏನೂ ಇಲ್ಲಂತ ಡಾಕ್ಟ್ರ ಬಾಯಿಲೆ ಬರ್ಲಿ, ಎಲ್ಲಾರೂ ಬರ್ತೀವಿ. ಇಲ್ಲಾಂದ್ರ ಬ್ಯಾರೆ ಮೆಸ್ ನೋಡ್ಕೊಂತೀವಿ."

ಸಂಜೆ ಐದಕ್ಕೆ ಕೊಟ್ರಪ್ಪ ಕ್ಲಿನಿಕ್ಕಿಗೆ ಓಡಿದ. ತೀರ್ಪು ಕೇಳಲು ಹಿಂದೆಯೇ ಗಿರಾಕಿಗಳ ದಂಡು, ಅದರ ಮುಂದೆ ಗೌರಮ್ಮ. ಡಾಕ್ಟರು ಕೊಟ್ರಪ್ಪನೊಬ್ಬನನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದರು.

"ಸಾಯೂದಾದ್ರ ಸಾಯ್ತೀನ್ರೀ ಡಾಕ್ಟ್ರ, ಯಾವ ರೋಗದಿಂದ ಅಂತಾದ್ರೂ ಹೇಳ್ರಿ!" ಎಂದು ಮೇಜಿನ ಕಾಲು ಹಿಡಿದ.

ಡಾಕ್ಟರ ಕರುಳು ಕರಗಿತು. ತರಬೇತಿ ಕೊಟ್ಟವರಿಗೆ ಫೋನ್ ಹಚ್ಚಿದರು. "ಸಾರ್, ನಿನ್ನೆ ಊಟ ಆದ್ಮೇಲೆ ಏನು ಹೇಳಿದ್ರಿ?... ಓಹೋ, ರೋಗಿಗೆ ಹೇಳ್ಲೇಬೇಕಾ?... ಸ್ಪಷ್ಟವಾಗಿ... ಅವರಿಗೆ ಅರ್ಥ ಆಗೋ ಭಾಷೇಲಿ... ಥ್ಯಾಂಕ್ಸ್ ಸಾರ್!"

ಆ ತಲೆಯಲ್ಲಿ ಒಂದು ಸಲಕ್ಕೆ ಒಂದೇ ನೀತಿಗೆ ಜಾಗ. ಹೊಸದು ಒಳಗೆ ಬಂದಾಗ ಹಳೆಯದು ಎದ್ದು ಹೋಯಿತು. ಡಾಕ್ಟರು ಬಾಗಿಲನ್ನು ಹಾರುಹೊಡೆದು ತೆರೆದು, ಇಡೀ ಬೀದಿಗೆ ಸ್ಪಷ್ಟವಾಗುವಂತೆ ಕೂಗಿದರು:

"ನಿಮಗೆ ಏನೂ ಆಗಿಲ್ಲ ಕೊಟ್ರಪ್ಪ! ಹೊಟ್ಟೇಲಿ ಜಂತುಹುಳ, ಅಷ್ಟೇ. ಕೈ ಸರಿಯಾಗಿ ತೊಳೀದೆ ರೊಟ್ಟಿ ಹಿಟ್ಟು ನಾದ್ಬೇಡಿ, ಹರಡುತ್ತೆ!"

ಗುರುಸಿದ್ದನ ಕೈ ನಿಧಾನವಾಗಿ ತನ್ನ ಹೊಟ್ಟೆಯ ಮೇಲೆ ಬಂತು. ವಾರಕ್ಕೊಮ್ಮೆ ಖಾನಾವಳಿಯಿಂದ ಶೇಂಗಾ ಚಟ್ನಿ ಒಯ್ಯುತ್ತಿದ್ದ ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುಗಳಿಗೆ ಎಲ್ಲರೂ ಕ್ಲಿನಿಕ್ಕಿನೊಳಗೆ ನುಗ್ಗಿದರು. ಅಷ್ಟು ದೊಡ್ಡ ಸಾಲನ್ನು ಡಾಕ್ಟರು ಜನ್ಮದಲ್ಲೇ ಕಂಡಿರಲಿಲ್ಲ. ಕಂಡದ್ದೇ ತಡ, ಬೆಳಗಿನ ಪಾಠವೂ ನೆನಪಾಯಿತು.

ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಭದ್ರವಾಗಿ ಹಾಕಿ, ಮೃದುವಾಗಿ ಹೇಳತೊಡಗಿದರು:

"ನಿಮ್ಮ ವಿಷ್ಯ ಯಾರಿಗೂ ಹೇಳಲ್ಲ, ಹೆದರ್ಬೇಡಿ. ಇದು ಕೊಟ್ರಪ್ಪನ ಹುಳ."