ಹೆಡ್‌ಮಾಸ್ತರರು ಕೊಟ್ಟ ಹುಟ್ಟುಹಬ್ಬಗಳು

ನಮ್ಮ ಹೆಡ್‌ಮಾಸ್ತರರು ಇರುವವರೆಗೆ ಆ ಊರಿನಲ್ಲಿ ಒಂದು ಕೂಸೂ ಸಾಧಾರಣ ದಿನ ಹುಟ್ಟಲಿಲ್ಲ! ನಂಬಿಕೆ ಬಾರದಿದ್ದರೆ ಹೂವಿನ ಹಿಪ್ಪರಗಿ ಸಮೀಪದ ಆ ಶಾಲೆಯಲ್ಲಿ ಕಲಿತವರನ್ನು ವಿಚಾರಿಸಿ ನೋಡಿ. ಅರ್ಧ ಮಂದಿ ರಾಜ್ಯೋತ್ಸವದ ದಿನ ಹುಟ್ಟಿದ್ದಾರೆ, ಉಳಿದವರು ಕಿತ್ತೂರಿನವರು ಬ್ರಿಟಿಷರನ್ನು ಗೆದ್ದ ಅಕ್ಟೋಬರ್ ಇಪ್ಪತ್ತಮೂರರಂದು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಅಲ್ಲಿ ಶಿಕ್ಷಕಿಯಾಗಿದ್ದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಂದಿರಿಗೆ ತಾರೀಖು ಎಲ್ಲಿ ಗೊತ್ತಿರುತ್ತಿತ್ತು? ಕಾರಹುಣ್ಣಿಮೆಯ ಹಿಂದೆ ಮುಂದೆ ಅನ್ನುವರು, ಇಲ್ಲವೇ ಕರಿ ಎಮ್ಮೆ ಈದ ವರ್ಷ ಅನ್ನುವರು. ಬೇರೆ ಶಾಲೆಗಳಲ್ಲಾದರೆ ಇಂಥವರಿಗೆಲ್ಲ ಕಣ್ಣು ಮುಚ್ಚಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಾನೂ ಹಾಗೆ ಹುಟ್ಟಿದವಳೇ. ಅದು ತಿಳಿದಾಗ ಹೆಡ್‌ಮಾಸ್ತರರು ಕನಿಕರದಿಂದ ನನ್ನನ್ನು ನೋಡಿದರು.

"ಅಕ್ಕೋರ, ಜೂನ್ ಒಂದಕ್ಕ ನಮ್ಮ ರಾಜ್ಯದಾಗ ಏನ ಆಗೈತಿ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಹುಟ್ಟಿದ್ದಕ್ಕೇ ನಾಚಿಕೆಯಾಯಿತು!

ಬಡವರ ಮಕ್ಕಳಿಗೆ ಹುಟ್ಟಿದ ದಿನವಾದರೂ ದೊಡ್ಡದಿರಲಿ ಎಂಬುದು ಅವರ ವಾದ. ಜಗಳಗಂಟ ಹುಡುಗರಿಗೆ ಕಿತ್ತೂರು, ಸಾಧು ಹುಡುಗರಿಗೆ ರಾಜ್ಯೋತ್ಸವ. ಒಮ್ಮೆ ಅವಳಿ ಮಕ್ಕಳು ಬಂದರು. ಎರಡೂ ಒಳ್ಳೆಯ ದಿನಗಳೇ, ಒಂದನ್ನು ಯಾಕೆ ಬಿಡಬೇಕೆಂದು ಒಬ್ಬನಿಗೆ ಅದನ್ನೂ ಇನ್ನೊಬ್ಬನಿಗೆ ಇದನ್ನೂ ಕೊಟ್ಟರು. ನಡುವೆ ಒಂದು ವಾರದ ಮೇಲೆ ಅಂತರ. ಪಾಪ, ಆ ತಾಯಿಯ ಗತಿ ಏನಾಗಬೇಕು! ನವೆಂಬರ್ ಒಂದರ ಒಬ್ಬ ಹುಡುಗನಂತೂ ನಾಡಧ್ವಜ, ಪೆಪ್ಪರಮೆಂಟು, ಭಾಷಣ ಎಲ್ಲವೂ ತನ್ನ ಸಲುವಾಗಿಯೇ ಎಂದು ನಾಲ್ಕನೆಯ ಇಯತ್ತೆಯವರೆಗೂ ನಂಬಿದ್ದ.

ಶಾಲೆಯ ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಅಂದಿನ ತಾರೀಖಿಗೆ ರಾಜ್ಯದಲ್ಲಿ ಹಿಂದೆ ಏನೇನು ನಡೆದಿತ್ತೋ ಅದನ್ನು ಹೆಡ್‌ಮಾಸ್ತರರು ದಿನಾ ಬೆಳಿಗ್ಗೆ ಅದರ ಮೇಲೆ ಬರೆಯುತ್ತಿದ್ದರು. ವರ್ಷವಿಡೀ ಬರೆಯಲು ಇತಿಹಾಸವನ್ನು ಎಲ್ಲಿಂದ ತರಬೇಕು? ಏನೂ ಸಿಗದ ದಿನ ದುಂಡು ಅಕ್ಷರಗಳಲ್ಲಿ "ಇಂದು ರಾಜ್ಯದಲ್ಲಿ ಏನೂ ನಡೆದಿಲ್ಲ" ಎಂದು ಬರೆದು ಕೈ ಝಾಡಿಸಿಕೊಳ್ಳುತ್ತಿದ್ದರು. ಅದನ್ನು ಓದಿ ಊರ ಮಂದಿ ನೆಮ್ಮದಿಯಿಂದ ಹೊಲಕ್ಕೆ ಹೋಗುತ್ತಿದ್ದರು.

ಇಂಥವರೆದುರು ಒಂದು ಜೂನ್ ತಿಂಗಳಲ್ಲಿ ಕಸ್ತೂರಿ ಎಂಬ ಮಗುವಿನ ತಾಯಿ ಬಂದು ನಿಂತಳು. ಕೊಲ್ಹಾರದ ಆಚೆ ಕೃಷ್ಣೆಯ ದಂಡೆಯಲ್ಲಿದ್ದ ಅವಳ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಮನೆ ಬಿಟ್ಟು ಸಾಮಾನು ಹೇರಿಕೊಂಡು ಬರುವಾಗ ಟ್ರ್ಯಾಕ್ಟರಿನಲ್ಲೇ ಮಗಳು ಹುಟ್ಟಿದ್ದಳು. ನಾಗರ ಪಂಚಮಿಯ ಮರುದಿನ ಎಂದು ತಾಯಿಗೆ ಖಂಡಿತ ನೆನಪಿತ್ತು. ಹೆಡ್‌ಮಾಸ್ತರರು ಹಳೆಯ ಕ್ಯಾಲೆಂಡರುಗಳ ಸುರುಳಿ ಬಿಚ್ಚಿ ಆ ದಿನವನ್ನು ಹುಡುಕಿದರು. ಆಗಸ್ಟಿನ ಒಂದು ಬಡಪಾಯಿ ದಿನ! ಅವರ ಮುಖ ಸಪ್ಪಗಾಯಿತು. ನವೆಂಬರ್ ಒಂದು ಬರೆಯುತ್ತೇನೆಂದರು. ಆಕೆ ಒಲ್ಲೆನೆಂದಳು. ಹಾಗಾದರೆ ಕಿತ್ತೂರು ಎಂದರು. ಆಕೆ ಮಗಳ ಕೈ ಹಿಡಿದು ಎದ್ದೇಬಿಟ್ಟಳು. ಇದ್ದದ್ದು ಇದ್ದಂತೆ ಬರೆಯದಿದ್ದರೆ ಮಗಳಿಗೆ ಈ ಶಾಲೆಯೇ ಬೇಡ ಎಂದಳು. ಊರೂ ಹೋಗಿ, ಮನೆಯೂ ಹೋಗಿ, ತನ್ನದೆಂದು ಮಗುವಿಗೆ ಉಳಿದದ್ದು ಆ ದಿನವೊಂದೇ.

"ಅವತ್ತ ನಮ್ಮ ರಾಜ್ಯದಾಗ ಏನೂ ಆಗಿಲ್ಲ ತಂಗಿ" ಎಂದರು ಹೆಡ್‌ಮಾಸ್ತರರು, ಹೆಚ್ಚುಕಡಿಮೆ ಬೇಡಿಕೊಳ್ಳುತ್ತ.

"ನಮ್ಮ ಊರು ನೀರಾಗ ಹೋತಲ್ರಿ ಸರ. ನಮ್ಮೂರು ರಾಜ್ಯದಾಗ ಇರಲಿಲ್ಲೇನ್ರಿ?"

ಹೆಡ್‌ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದು ಆ ಆಗಸ್ಟಿನ ದಿನವನ್ನೇ ಬರೆದರು. ಆ ಊರಿನಲ್ಲಿ ಮೊದಲ ಸಲ ಒಂದು ಮಗು ತಾನು ಹುಟ್ಟಿದ ದಿನವೇ ಹುಟ್ಟಿತು!

ಆಗಸ್ಟ್ ಬಂತು. ಆ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹಲಗೆಯ ಮೇಲೆ ಎರಡು ಸಾಲುಗಳಿದ್ದವು. ಮಗಳನ್ನು ಬಿಡಲು ಬಂದ ತಾಯಿಗೆ ಓದು ಬಾರದು. ಏನು ಬರೆದಿದೆ ಎಂದು ನನ್ನನ್ನು ಕೇಳಿದಳು. ಓದಿದೆ: "ಇಂದು ಕೃಷ್ಣೆಯ ದಂಡೆಯ ಒಂದು ಊರು ಮುಳುಗಿತು. ಇಂದು ಕಸ್ತೂರಿ ಹುಟ್ಟಿದಳು." ಆಕೆ ಅಳಲಿಲ್ಲ. ಹೆಡ್‌ಮಾಸ್ತರರತ್ತ ತಿರುಗಿದಳು.

"ಮಗಳು ಹುಟ್ಟಿದ್ದು ಮ್ಯಾಲ ಬರೀರಿ ಸರ. ನೀರಿಂದು ಕೆಳಗ ಇರ್ಲಿ."

ಹೆಡ್‌ಮಾಸ್ತರರು ಡಸ್ಟರ್ ಹುಡುಕಲಿಲ್ಲ. ಇಸ್ತ್ರಿ ಮಾಡಿದ ತಮ್ಮ ಅಂಗಿಯ ತೋಳಿನಿಂದಲೇ ಎರಡೂ ಸಾಲುಗಳನ್ನು ಒರೆಸಿ, ಕಸ್ತೂರಿಯ ಹೆಸರಿನಿಂದ ಮತ್ತೆ ಶುರು ಮಾಡಿದರು.